ಕಂಪ್ಯೂಟರ್, ಸಿಡಿಲು ಮತ್ತು ನಮ್ಮ ಉದಾಸೀನ



ರೇವತಿ ಮಳೆ ಬಿತ್ತೆಂದರೆ ನಮ್ಮ ಕಡೆಯ ಕಾಫಿ ಬೆಳೆಗಾರನ ಮುಖ ಅರಳುತ್ತದೆ. ಹದವಾಗಿ ಒಂದು ಇಂಚು ಬಿದ್ದರೆ ಹೂವು, ಮೂರು ವಾರದೊಳಗೆ ಮತ್ತೊಂದು ಬಿದ್ದರೆ ಬ್ಯಾಕಿಂಗ್. ಆದರೆ ನಾವು ದೇವರಿಗೆ ಹರಕೆ ಹೊತ್ತು ಕರೆಯುವ ಈ ಮಳೆಯೇ ಗುಡುಗನ್ನೂ ಸಿಡಿಲನ್ನೂ ಜೊತೆಗೆ ಕರೆತರುತ್ತದೆ ಎಂಬುದು ತಮಗೆಲ್ಲ ತಿಳಿದ ವಿಷಯ. ಮೊದಲು ಸಿಡಿಲು ಬಡಿದರೆ ಒಂದು ತೆಂಗಿನ ಮರವೋ ತೋಟದಂಚಿನ ಸಿಲ್ವರ್ ಮರವೋ ಸೀಳುತ್ತಿತ್ತು, ಅಡಿಕೆ ತೋಟದಲ್ಲಾದರೆ ಒಂದೇ ಕಡೆಯ ಹತ್ತಾರು ಮರದ ತಲೆ ಬಾಡುತ್ತಿತ್ತು. ಮನೆಯೊಳಗೆ ಹೋಗುವುದೆಂದರೆ ಎರಡು ಬಲ್ಬು, ಹೆಚ್ಚೆಂದರೆ ಒಂದು ರೇಡಿಯೋ. ಈಗ ಹಾಗಲ್ಲ. ಮಕ್ಕಳ ಲ್ಯಾಪ್‌ಟಾಪ್, ಇಂಟರ್‌ನೆಟ್ಟಿನ ಮೋಡೆಮ್, ಪ್ರಿಂಟರ್, ಕಣಕ್ಕೆ ಹಾಕಿದ ಸಿಸಿಟಿವಿ ಕ್ಯಾಮೆರಾ ಇವೆಲ್ಲ ಪ್ರತಿ ಮನೆಯಲ್ಲೂ ಕೂತಿವೆ. ಮೊದಲ ಗುಡುಗು ಮಳೆಯ ಮರುದಿನ ಪೇಟೆಯ ಕಂಪ್ಯೂಟರ್ ರಿಪೇರಿ ಅಂಗಡಿಯ ಮುಂದೆ ನಿಂತು ನೋಡಿ. ಚೀಲದಲ್ಲಿ ಮೋಡೆಮ್ ಹಾಕಿಕೊಂಡು ಬಂದವರ ಸಾಲು, ದವಾಖಾನೆಯ ಮುಂದಿನ ಸಾಲಿನಂತೆಯೇ ಇರುತ್ತದೆ. ಆ ಸಾಲಿನಲ್ಲಿ ನಾನೂ ಎರಡು ಸಲ ನಿಂತಿದ್ದೇನೆ.

ನಾನು ವಿದ್ಯುತ್ ಇಂಜಿನಿಯರನಲ್ಲ. ಬಿ.ಎಸ್‌ಸಿ. ಓದುವಾಗ ಭೌತಶಾಸ್ತ್ರದಲ್ಲಿ ಕಲಿತದ್ದರಲ್ಲಿ ಉಳಿದಿರುವುದು ಅಷ್ಟಿಷ್ಟು. ಆದರೆ ಸುಟ್ಟುಕೊಂಡ ಮೇಲೆ ಓದಿದ್ದು, ತಿಳಿದವರನ್ನು ಕೇಳಿದ್ದು, ಮನೆಯಲ್ಲೂ ಸಂಘದಲ್ಲೂ ಮಾಡಿ ನೋಡಿದ್ದು ಇಷ್ಟನ್ನು ತಮ್ಮ ಮುಂದಿಡುವುದು ಕಾರ್ಯದರ್ಶಿಯಾಗಿ ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ಅದರ ಜೊತೆಗೆ ಒಂದು ತಪ್ಪೊಪ್ಪಿಗೆಯೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಕಾಲದ ಮಾತು. ನಮ್ಮಲ್ಲಿ ಅನೇಕರು ಜೂನ್ ಬಂದ ಮೇಲೆ ಎಚ್ಚರಗೊಳ್ಳುತ್ತಾರೆ. ಮಳೆಗಾಲ ಬಂತು, ಇನ್ನು ಪ್ಲಗ್ ಕೀಳೋಣ ಎನ್ನುತ್ತಾರೆ. ಆದರೆ ಆರಿದ್ರಾದಿಂದ ಪುಷ್ಯದವರೆಗೆ ಹಗಲೂ ರಾತ್ರಿ ಸುರಿಯುವ ಮಳೆಯಲ್ಲಿ ಗುಡುಗು ಅಪರೂಪ. ಸಿಡಿಲಿನ ಕಾಲ ಎರಡು. ಮಾರ್ಚ್ ಕೊನೆಯಿಂದ ಮೇ ಮುಗಿಯುವವರೆಗಿನ ರೇವತಿ, ಅಶ್ವಿನಿ, ಭರಣಿ, ಕೃತ್ತಿಕೆ ಒಂದು. ಅಕ್ಟೋಬರ್ ನವೆಂಬರಿನ ಚಿತ್ತೆ, ಸ್ವಾತಿ ಇನ್ನೊಂದು. ಮಧ್ಯಾಹ್ನದ ತನಕ ಸುಡುವ ಬಿಸಿಲು, ಮೂರು ಗಂಟೆಯ ಮೇಲೆ ಮೂಡಣದಲ್ಲೋ ಪಡುವಣದಲ್ಲೋ ಕಪ್ಪು ಮೋಡ, ಸಂಜೆಗೆ ಅಬ್ಬರ. ನಮ್ಮ ಅಜ್ಜಿ ಇಂಥ ಹೊತ್ತಿನಲ್ಲಿ ಅಂಗಳಕ್ಕೆ ಕತ್ತಿ ಎಸೆದು, ಒಳಗೆ ಕೂತು ಅರ್ಜುನನ ಹತ್ತು ಹೆಸರು ಹೇಳುತ್ತಿದ್ದರು. ಹೆಸರು ಹೇಳಿದ್ದರಿಂದ ಸಿಡಿಲು ನಿಲ್ಲುತ್ತಿತ್ತೋ ಇಲ್ಲವೋ, ಅಷ್ಟು ಹೊತ್ತು ಮನೆಯವರೆಲ್ಲ ಒಂದು ಕಡೆ ಒಳಗೆ ಕೂತಿರುತ್ತಿದ್ದುದಂತೂ ಒಳ್ಳೆಯದೇ ಆಗುತ್ತಿತ್ತು.

ಸಿಡಿಲು ನೇರವಾಗಿ ಮನೆಗೇ ಬಡಿಯುವುದು ಬಹಳ ಕಡಿಮೆ. ನಮ್ಮ ಸಾಮಾನು ಸುಡುವುದು ಬಹುಪಾಲು ಎಲ್ಲೋ ಬಡಿದ ಸಿಡಿಲಿನಿಂದ. ಒಂದು ಸಾಧಾರಣ ಸಿಡಿಲಿನಲ್ಲಿ ಹರಿಯುವ ಕರೆಂಟು ಸುಮಾರು 30,000 ಆಂಪಿಯರ್. ನಮ್ಮ ಮನೆಯಲ್ಲಿ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಗೀಸರ್ ಎಲ್ಲ ಒಟ್ಟಿಗೆ ಹಾಕಿದರೂ ಇಪ್ಪತ್ತು ಆಂಪಿಯರ್ ದಾಟುವುದು ಕಷ್ಟ ಎಂಬುದನ್ನು ನೆನೆದರೆ ಅಂತರ ತಿಳಿಯುತ್ತದೆ. ಅದು ವಿದ್ಯುತ್ ಲೈನಿನ ಮೇಲೆ ಬೀಳಬೇಕೆಂದೂ ಇಲ್ಲ. ಲೈನಿನಿಂದ ಕೆಲವು ನೂರು ಮೀಟರ್ ಆಚೆ ಗುಡ್ಡಕ್ಕೆ ಬಡಿದರೂ ಸಾಕು, ಆ ತಂತಿಯಲ್ಲಿ ಸಾವಿರಾರು ವೋಲ್ಟಿನ ಉಬ್ಬರ ಎದ್ದು ಎರಡೂ ಕಡೆಗೆ ಓಡುತ್ತದೆ. ಬಯಲುಸೀಮೆಯಲ್ಲಿ ಊರೆಂದರೆ ಒಂದೇ ಕಡೆ ನೂರು ಮನೆ. ನಮ್ಮಲ್ಲಿ ಒಂದೊಂದು ಮನೆ ಒಂದೊಂದು ಗುಡ್ಡದ ಮೇಲೆ. ಎರಡು ಮನೆಗೆ ಕರೆಂಟು ಕೊಡಲು ಒಂದು ಮೈಲಿ ತಂತಿ ಏರು ಹತ್ತಿ ಇಳಿದು ಬರಬೇಕು. ಉದ್ದ ತಂತಿ, ಎತ್ತರದ ಜಾಗ. ಸಿಡಿಲಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕೇ?

ಅದು ಒಳಬರುವ ಬಾಗಿಲು ಒಂದಲ್ಲ. ನಾವು ಕರೆಂಟಿನ ಪ್ಲಗ್ಗನ್ನು ಮಾತ್ರ ನೋಡುತ್ತೇವೆ. ಹಳೆಯ ತಾಮ್ರದ ದೂರವಾಣಿ ತಂತಿ ಇದ್ದರೆ ಅದೊಂದು, ಮಾಡಿನ ಮೇಲಿನ ಡಿಶ್ಶಿನಿಂದ ಬರುವ ಕೇಬಲ್ ಒಂದು, ಹಳ್ಳದ ಪಂಪ್‌ಸೆಟ್ಟಿನಿಂದ ಮನೆಯ ಬೋರ್ಡಿಗೆ ಎಳೆದ ತಂತಿ ಒಂದು, ಕಣದ ಕಂಬದ ಕ್ಯಾಮೆರಾದಿಂದ ಮನೆಗೆ ಬರುವ ಇನ್ನೂರು ಅಡಿ ಕೇಬಲ್ ಮತ್ತೊಂದು. ನನ್ನ ಮನೆಯಲ್ಲಿ ಒಮ್ಮೆ ಎಲ್ಲ ಪ್ಲಗ್ಗನ್ನೂ ಕಿತ್ತಿಟ್ಟಿದ್ದೆ. ಆದರೂ ಮೋಡೆಮ್ ಮತ್ತು ಅದಕ್ಕೆ ತಂತಿ ಹಚ್ಚಿದ್ದ ಕಂಪ್ಯೂಟರ್ ಎರಡೂ ಹೋದವು. ದೂರವಾಣಿ ತಂತಿ ಸಿಕ್ಕಿಸಿದ ಹಾಗೇ ಇತ್ತು. ಈಗ ಅನೇಕರ ಮನೆಗೆ ಫೈಬರ್ ಬಂದಿದೆ. ಫೈಬರ್ ಎಂದರೆ ಗಾಜಿನ ಎಳೆ, ಅದರಲ್ಲಿ ಕರೆಂಟು ಹರಿಯುವುದಿಲ್ಲ, ಆದ್ದರಿಂದ ತಾಮ್ರ ಬಿಟ್ಟು ಫೈಬರಿಗೆ ಹೋದವರು ಒಂದು ಬಾಗಿಲನ್ನು ಮುಚ್ಚಿದಂತೆಯೇ ಸರಿ. ಒಂದು ಎಚ್ಚರಿಕೆ ಮಾತ್ರ: ಕಂಬದಿಂದ ಕಂಬಕ್ಕೆ ಜಗ್ಗಿ ಕಟ್ಟಲು ಕೆಲವು ಫೈಬರ್ ಕೇಬಲ್ಲಿನ ಜೊತೆಯಲ್ಲೇ ಉಕ್ಕಿನ ತಂತಿ ಇರುತ್ತದೆ. ಅದನ್ನು ಮನೆಯ ಹೊರಗೇ ಕತ್ತರಿಸಿ ಬಿಡಬೇಕು, ಮೋಡೆಮ್ಮಿನ ತನಕ ತರಬಾರದು. ಹಾಕಲು ಬಂದ ಹುಡುಗರಿಗೆ ಹೇಳಿದರೆ ಮಾಡುತ್ತಾರೆ, ಹೇಳದಿದ್ದರೆ ಒಳಗೇ ತಂದು ಮೊಳೆ ಹೊಡೆದು ಹೋಗುತ್ತಾರೆ.

ಇನ್ನು ನಾವು ನಂಬಿಕೊಂಡಿರುವ ರಕ್ಷಕರ ವಿಷಯ. ಫ್ಯೂಸ್ ಇದೆ, ಎಂಸಿಬಿ ಇದೆ ಎನ್ನುತ್ತೇವೆ. ಸಿಡಿಲಿನ ಉಬ್ಬರ ಬಂದು ಮುಗಿಯುವುದು ಸೆಕೆಂಡಿನ ಹತ್ತು ಲಕ್ಷದ ಕೆಲವು ಭಾಗಗಳಲ್ಲಿ. ಫ್ಯೂಸ್ ಕರಗಲು, ಎಂಸಿಬಿ ಬೀಳಲು ಬೇಕಾದ ಕಾಲ ಸೆಕೆಂಡಿನ ಸಾವಿರದ ಕೆಲವು ಭಾಗ. ಅಂದರೆ ಕಳ್ಳ ಬಂದು, ದೋಚಿ, ಗಡಿ ದಾಟಿದ ಮೇಲೆ ನಾಯಿ ಬೊಗಳಿದ ಹಾಗೆ. ಸ್ಟೆಬಿಲೈಸರಿನದೂ ಅದೇ ಕಥೆ. ಅದರೊಳಗಿನ ರಿಲೇ ಟಕ್ಕೆಂದು ಬದಲಾಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಇನ್ವರ್ಟರ್ ಬಗ್ಗೆಯೂ ಬಹಳ ಜನಕ್ಕೆ ತಪ್ಪು ತಿಳಿವಳಿಕೆ ಇದೆ. ಲೈನಿನಲ್ಲಿ ಕರೆಂಟು ಇರುವಷ್ಟು ಹೊತ್ತೂ ಸಾಧಾರಣ ಇನ್ವರ್ಟರ್ ಅದನ್ನೇ ನೇರವಾಗಿ ಮನೆಗೆ ದಾಟಿಸುತ್ತಿರುತ್ತದೆ. ಕರೆಂಟು ಹೋದಾಗ ಮಾತ್ರ ಬ್ಯಾಟರಿಗೆ ಬರುತ್ತದೆ. ಅಗ್ಗದ ಯುಪಿಎಸ್ ಕೂಡ ಹೀಗೆಯೇ.

ಸ್ಟೆಬಿಲೈಸರ್ ಕುರಿತು ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ತಮ್ಮ ಲ್ಯಾಪ್‌ಟಾಪಿನ ಚಾರ್ಜರನ್ನೊಮ್ಮೆ ತಿರುಗಿಸಿ ಓದಿ. ಬಹುತೇಕ ಎಲ್ಲದರ ಮೇಲೂ 100 ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ. ಮೋಡೆಮ್ಮಿನ ಅಡಾಪ್ಟರ್ ಮೇಲೂ ಅದೇ. ಸಂಜೆ ಹೊತ್ತು ನಮ್ಮಲ್ಲಿ 160ಕ್ಕೆ ಇಳಿದರೂ ಅದಕ್ಕೇನೂ ಆಗುವುದಿಲ್ಲ. ಲೋ ವೋಲ್ಟೇಜಿನಿಂದ ಕಷ್ಟಪಡುವುದು ಪಂಪ್‌ಸೆಟ್ಟಿನ ಮೋಟರು ಮತ್ತು ಫ್ರಿಜ್ಜು. ಲ್ಯಾಪ್‌ಟಾಪಿಗೆ ಅಪಾಯ ಇರುವುದು ಮೇಲಿನಿಂದ, ಕೆಳಗಿನಿಂದಲ್ಲ. ನಾವಾದರೋ ಕೆಳಗಿನ ಅಪಾಯಕ್ಕೆ ನಾಲ್ಕೈದು ಸಾವಿರ ಕೊಟ್ಟು ದೀಪ ಮಿನುಗುವ ಪೆಟ್ಟಿಗೆ ತಂದು ಮೇಜಿನ ಕೆಳಗಿಟ್ಟು, ಮೇಲಿನದಕ್ಕೆ ಏನನ್ನೂ ಮಾಡದೆ ನಿಶ್ಚಿಂತರಾಗಿದ್ದೇವೆ.

ಮೇಲಿನ ಅಪಾಯ ಸಿಡಿಲಿನಿಂದ ಮಾತ್ರ ಬರುವುದಿಲ್ಲ ಎಂಬುದನ್ನೂ ಗಮನಿಸಬೇಕು. ಜೂನ್ ಜುಲೈನ ಗಾಳಿಗೆ ಕೊಂಬೆ ಬಿದ್ದು ನ್ಯೂಟ್ರಲ್ ತಂತಿ ತುಂಡಾಗುತ್ತದೆ. ಟಿ.ಸಿ.ಯಿಂದ ಬರುವ ನಾಲ್ಕು ತಂತಿಯಲ್ಲಿ ಈ ಒಂದು ಹೋದರೆ, ಒಬ್ಬರ ಮನೆಯಲ್ಲಿ ದೀಪ ಮಂಕಾಗಿ ಪಕ್ಕದ ಮನೆಯಲ್ಲಿ ವೋಲ್ಟೇಜು 230 ಇರಬೇಕಾದದ್ದು 400ರ ಹತ್ತಿರಕ್ಕೆ ಏರಬಹುದು. ಬಲ್ಬು ಬೆಳ್ಳಗೆ ಉರಿದು ಪಟ್ಟೆಂದು ಹೋದರೆ, ಫ್ಯಾನು ಹುಚ್ಚು ಹಿಡಿದಂತೆ ತಿರುಗಿದರೆ ಯೋಚಿಸುತ್ತ ನಿಲ್ಲಬೇಡಿ, ಮೇನ್ ಆಫ್ ಮಾಡಿ ಲೈನ್‌ಮನ್ನರಿಗೆ ಹೇಳಿ ಕಳಿಸಿ. ಇದು ಸಿಡಿಲಿನಂತೆ ಕ್ಷಣದ ಮಾತಲ್ಲ, ನಿಮಿಷಗಟ್ಟಲೆ ಇರುತ್ತದೆ. ಆದ್ದರಿಂದ ಇದಕ್ಕೆ ವೋಲ್ಟೇಜು ಮಿತಿ ಮೀರಿದಾಗ ತಾನೇ ಕಡಿದುಹಾಕುವ ಓವರ್ ವೋಲ್ಟೇಜ್ ರಿಲೇ ಕೆಲಸಕ್ಕೆ ಬರುತ್ತದೆ. ಮೇನ್ ಬೋರ್ಡಿನಲ್ಲಿ ಅಂಥದೊಂದನ್ನು ಕೂರಿಸುವುದು ದೊಡ್ಡ ಖರ್ಚಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅದು ಅರ್ಥಿಂಗ್.

ಸಿಡಿಲಿನ ಉಬ್ಬರವನ್ನು ನಾವು ನಿಲ್ಲಿಸಲಾರೆವು, ತಿರುಗಿಸಬಲ್ಲೆವು ಅಷ್ಟೆ. ಬೆಂಜಮಿನ್ ಫ್ರಾಂಕ್ಲಿನ್ 1752ರಲ್ಲಿ ಗಾಳಿಪಟದ ಪ್ರಯೋಗ ಮಾಡಿದಂದಿನಿಂದ ಈವರೆಗೆ ಎಲ್ಲ ಸಿಡಿಲು ರಕ್ಷಣೆಯೂ ಇದೊಂದೇ ತತ್ತ್ವದ ಮೇಲೆ ನಿಂತಿದೆ: ಅದಕ್ಕೆ ನೆಲಕ್ಕೆ ಹೋಗಲು ನಮ್ಮ ಸಾಮಾನಿಗಿಂತ ಸುಲಭವಾದ ದಾರಿ ಕೊಡು. ಮಳೆಗಾಲಕ್ಕೆ ಮುಂಚೆ ಅಡಿಕೆ ತೋಟದ ಬಸಿಗಾಲುವೆಯನ್ನು ಬಿಡಿಸಿಕೊಡುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ನಾವು ಪ್ರತಿ ವರ್ಷ ತಪ್ಪದೆ ಕಪ್ಪು ಬಿಡಿಸುತ್ತೇವೆ. ಆದರೆ ಮನೆಯ ಅರ್ಥಿಂಗ್ ಗುಂಡಿ ಎಲ್ಲಿದೆ ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ತೋರಿಸಬಲ್ಲರು? ನಾನು ಈಚೆಗೆ ಹತ್ತಾರು ಸದಸ್ಯರ ಮನೆಯಲ್ಲಿ ಸುಮ್ಮನೆ ಕುತೂಹಲಕ್ಕೆ ಕೇಳಿದೆ. ಕೆಲವರು ಹಿತ್ತಿಲ ಕಡೆ ಕೈ ತೋರಿಸಿದರು. ಒಬ್ಬರ ಮನೆಯಲ್ಲಿ ಆ ಜಾಗದ ಮೇಲೆ ಬಚ್ಚಲಮನೆ ಕಟ್ಟಿಯಾಗಿತ್ತು. ಇನ್ನೊಬ್ಬರಲ್ಲಿ ಗೋಡೆಯಿಂದ ಹೊರಬಂದ ತಂತಿ ತುಕ್ಕು ಹಿಡಿದು ತುಂಡಾಗಿ, ಅದರ ತುದಿಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದರು.

ಅರ್ಥಿಂಗಿನ ಬಗ್ಗೆ ನಮ್ಮ ದೇಶದಲ್ಲಿ ಒಂದು ಮಾನಕವೇ ಇದೆ, ಐಎಸ್ 3043 ಎಂದು. 1987ರಲ್ಲಿ ಹೊರಬಂದು 2018ರಲ್ಲಿ ಪರಿಷ್ಕಾರಗೊಂಡಿದೆ. ಪೈಪ್ ಅರ್ಥಿಂಗ್ ಆದರೆ ಕನಿಷ್ಠ 38 ಮಿಲಿಮೀಟರ್ ಒಳವ್ಯಾಸದ ಜಿ.ಐ. ಪೈಪು, ಕನಿಷ್ಠ ಎರಡೂವರೆ ಮೀಟರ್ ಉದ್ದ. ಅಂದರೆ ಎಂಟು ಅಡಿಗೂ ಮಿಕ್ಕಿ. ನಮ್ಮಲ್ಲಿ ಮನೆ ಕಟ್ಟಿದಾಗ ಹಾಕುವುದೇನು? ಗಟ್ಟಿ ಜಂಬಿಟ್ಟಿಗೆ ನೆಲ, ಹಾರೆ ಹೋಗುವುದಿಲ್ಲ ಎಂದು ಮೂರಡಿಗೆ ನಿಲ್ಲಿಸಿ, ಉಳಿದ ಪೈಪು ಕತ್ತರಿಸಿ ಬಿಡುತ್ತಾರೆ. ಅದರ ಸುತ್ತ ಇದ್ದಿಲೂ ಇಲ್ಲ, ಉಪ್ಪೂ ಇಲ್ಲ. ಮಳೆಗಾಲದಲ್ಲಿ ನೆಲವೆಲ್ಲ ನೆನೆದಿರುವಾಗ ಇಂಥ ಅರ್ಥಿಂಗೂ ಒಂದು ಮಟ್ಟಕ್ಕೆ ನಡೆಯುತ್ತದೆ. ಆದರೆ ಸಿಡಿಲು ಬರುವುದು ಯಾವಾಗ? ಏಪ್ರಿಲಿನಲ್ಲಿ. ನಾಲ್ಕು ತಿಂಗಳು ಬಿಸಿಲು ಕುಡಿದ ಜಂಬಿಟ್ಟಿಗೆ ಆಗ ಒಣಗಿ ಬೆಂಚೆಯಂತಾಗಿರುತ್ತದೆ, ಅದರಲ್ಲಿ ಕರೆಂಟು ಇಳಿಯುವುದೇ ಇಲ್ಲ. ವರ್ಷದಲ್ಲಿ ಅರ್ಥಿಂಗ್ ಅತ್ಯಂತ ಕೆಟ್ಟಿರುವ ದಿನಗಳೂ ಸಿಡಿಲು ಅತ್ಯಂತ ಹೆಚ್ಚಿರುವ ದಿನಗಳೂ ನಮ್ಮ ಸೀಮೆಯಲ್ಲಿ ಒಂದೇ ಆಗಿಬಿಟ್ಟಿವೆ. ಆದ್ದರಿಂದ ಶಿವರಾತ್ರಿ ಕಳೆದ ಮೇಲೆ ವಾರಕ್ಕೆ ಎರಡು ಸಲ ಆ ಗುಂಡಿಗೆ ಎರಡು ಕೊಡ ನೀರು ಹಾಕಿ ಎಂದು ಹೇಳಿದರೆ ಕೆಲವರು ನಗುತ್ತಾರೆ. ನಗಲಿ. ಬಚ್ಚಲ ನೀರನ್ನೋ ಪಾತ್ರೆ ತೊಳೆದ ನೀರನ್ನೋ ಅತ್ತ ತಿರುಗಿಸಿದರೂ ಆಯಿತು. ಹೊಸದಾಗಿ ಮಾಡಿಸುವವರು ಬಾವಿಕಟ್ಟೆಯ ಬದಿಯಲ್ಲೋ ಬಾಳೆ ಹಾಕಿದ ತಂಪಿನಲ್ಲೋ ಜಾಗ ಹಿಡಿಯಲಿ. ಅಳೆಸಿ ನೋಡಿದರೆ ಹತ್ತು ಓಮ್‌ಗಿಂತ ಕಡಿಮೆ ಬರಬೇಕು, ಒಂದು ಪೈಪಿಗೆ ಬಾರದಿದ್ದರೆ ಸ್ವಲ್ಪ ದೂರದಲ್ಲಿ ಇನ್ನೊಂದು ಇಳಿಸಿ ಎರಡನ್ನೂ ಜೋಡಿಸಬೇಕು.

ಈ ಜೋಡಿಸುವ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಕಂಪ್ಯೂಟರಿಗೆಂದೇ ಪ್ರತ್ಯೇಕ ಅರ್ಥ್ ಮಾಡಿಸಿ, ಮನೆಯ ಅರ್ಥಿಗೆ ತಾಗಿಸದೆ ಇಟ್ಟರೆ ಶುದ್ಧವಾಗಿರುತ್ತದೆ ಎಂದು ಕೆಲವು ಎಲೆಕ್ಟ್ರಿಷಿಯನ್ನರು ಸಲಹೆ ಕೊಡುತ್ತಾರೆ. ಇದು ತಪ್ಪು, ಅಪಾಯ ಕೂಡ. ಎರಡು ಕೆರೆಯ ನೀರಿನ ಮಟ್ಟ ಬೇರೆ ಬೇರೆಯಾದರೆ ನಡುವಿನ ಏರಿಯ ಮೇಲೆ ಒತ್ತಡ ಬೀಳುತ್ತದಲ್ಲವೇ, ಹಾಗೆಯೇ ಸಿಡಿಲಿನ ಕ್ಷಣದಲ್ಲಿ ಎರಡು ಅರ್ಥ್‌ಗಳ ನಡುವೆ ಸಾವಿರಾರು ವೋಲ್ಟಿನ ವ್ಯತ್ಯಾಸ ಎದ್ದು, ಆ ಎರಡಕ್ಕೂ ತಾಗಿಕೊಂಡಿರುವ ಕಂಪ್ಯೂಟರೇ ನಡುವಿನ ಏರಿಯಾಗುತ್ತದೆ. ಎಷ್ಟು ಗುಂಡಿಯಾದರೂ ಇರಲಿ, ಎಲ್ಲವೂ ದಪ್ಪ ತಂತಿಯಿಂದ ಒಂದಕ್ಕೊಂದು ಕೂಡಿರಬೇಕು. ಡಿಶ್ಶಿನ ಕಂಬವೂ ಅದಕ್ಕೇ ಸೇರಬೇಕು.

ಅರ್ಥಿಂಗ್ ಸರಿಯಾದ ಮೇಲೆ, ಮತ್ತು ಸರಿಯಾದ ಮೇಲೆ ಮಾತ್ರ, ಸರ್ಜ್ ಪ್ರೊಟೆಕ್ಷನ್ ಸಾಧನ ಅಥವಾ ಎಸ್‌ಪಿಡಿ. ಇದರೊಳಗೆ ಸತುವಿನ ಆಕ್ಸೈಡಿನಿಂದ ಮಾಡಿದ ಬಿಲ್ಲೆಗಳಿರುತ್ತವೆ. ಮಾಮೂಲು ವೋಲ್ಟೇಜಿನಲ್ಲಿ ಅವು ಗೋಡೆಯ ಹಾಗೆ ಸುಮ್ಮನಿರುತ್ತವೆ. ಉಬ್ಬರ ಬಂದೊಡನೆ ಫ್ಯೂಸಿಗಿಂತ ಸಾವಿರಾರು ಪಟ್ಟು ಬೇಗ ಬಾಗಿಲು ತೆರೆದು ಅದನ್ನು ನೆಲಕ್ಕೆ ದಾಟಿಸಿ ಮತ್ತೆ ಮುಚ್ಚಿಕೊಳ್ಳುತ್ತವೆ. ಮನೆಯ ಮೇನ್ ಬೋರ್ಡಿನಲ್ಲಿ ಕೂರಿಸುವುದು ಟೈಪ್ 2 ಎಂಬ ಬಗೆ. ಸಿಂಗಲ್ ಫೇಸಿಗೆ ಎರಡು ಪೋಲಿನದು, ತ್ರೀ ಫೇಸಿಗೆ ನಾಲ್ಕರದು. ಕೊಳ್ಳುವಾಗ ಅದರ ಮೇಲೆ ಬರೆದಿರುವ ನಿರಂತರ ವೋಲ್ಟೇಜು 275 ಇದೆಯೋ 320 ಇದೆಯೋ ನೋಡಿ. ವೋಲ್ಟೇಜು ಏರಿಳಿಯುವ ನಮ್ಮ ಲೈನಿಗೆ 320 ಲೇಸು. ಕೂರಿಸುವಾಗ ಎಲೆಕ್ಟ್ರಿಷಿಯನ್ನರ ಪಕ್ಕದಲ್ಲೇ ನಿಂತು ಒಂದು ಸಂಗತಿ ನೋಡಿಕೊಳ್ಳಿ: ಅದಕ್ಕೆ ಹೋಗುವ ಮತ್ತು ಅದರಿಂದ ಅರ್ಥ್ ಪಟ್ಟಿಗೆ ಬರುವ ತಂತಿ ಎರಡೂ ಸೇರಿ ಅರ್ಧ ಮೀಟರ್ ಮೀರಬಾರದು. ಚೆಂದಕ್ಕೆಂದು ಬೋರ್ಡಿನೊಳಗೆ ಸುತ್ತಿಸಿ ಮಡಿಸಿ ಕಟ್ಟಬಾರದು. ಸಿಡಿಲಿನ ವೇಗಕ್ಕೆ ಒಂದು ಮೀಟರ್ ನೆಟ್ಟಗಿನ ತಂತಿಯೇ ಸುಮಾರು ಸಾವಿರ ವೋಲ್ಟಿನಷ್ಟು ಅಡ್ಡಿ ಒಡ್ಡುತ್ತದೆ. ಹತ್ತು ಸಾವಿರದ ಸಾಧನ ತಂದು ಎರಡು ಮೀಟರ್ ತಂತಿಯಲ್ಲಿ ತೂಗುಹಾಕಿದರೆ ದುಡ್ಡು ಹೊಳೆಗೆ ಹಾಕಿದ ಹಾಗೆ. ಈ ಬಿಲ್ಲೆಗಳು ಪ್ರತಿ ಹೊಡೆತಕ್ಕೂ ಸ್ವಲ್ಪ ಸ್ವಲ್ಪ ಸವೆಯುತ್ತವೆ. ಹಸಿರು ಕಿಂಡಿ ಕೆಂಪಾದರೆ ಬದಲಿಸಬೇಕು. ವರ್ಷಕ್ಕೆರಡು ಸಲ, ಯುಗಾದಿಗೊಮ್ಮೆ ದಸರೆಗೊಮ್ಮೆ, ನೋಡುವ ಅಭ್ಯಾಸ ಸಾಕು.

ಪೇಟೆಯಲ್ಲಿ ಸ್ಪೈಕ್ ಬಸ್ಟರ್ ಎಂದು ಮಾರುವ ಉದ್ದನೆಯ ಪ್ಲಗ್ ಪಟ್ಟಿಯನ್ನು ನಂಬಿ ಕೂತವರಿಗೆ ಒಂದು ಮಾತು. ಒಳ್ಳೆಯದರಲ್ಲಿ ಚಿಕ್ಕ ಬಿಲ್ಲೆ ಇರುತ್ತದೆ, ಮೇನ್ ಬೋರ್ಡಿನ ಎಸ್‌ಪಿಡಿ ತಡೆದು ಮಿಕ್ಕದ್ದನ್ನು ಅದು ನೋಡಿಕೊಳ್ಳುತ್ತದೆ. ಅಗ್ಗದ್ದನ್ನು ನಾನೊಂದು ಬಿಚ್ಚಿ ನೋಡಿದೆ. ಒಳಗೆ ಹಿತ್ತಾಳೆ ಪಟ್ಟಿ, ಒಂದು ಕೆಂಪು ದೀಪ, ಬೇರೇನಿಲ್ಲ. ಎರಡು ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿದರಂತೂ ಒಳ್ಳೆಯದೂ ಅರ್ಧ ಕೆಲಸವನ್ನೂ ಮಾಡದು.

ಮಾಡಿನ ಮೇಲೆ ಕೂರಿಸುವ ಲೈಟ್ನಿಂಗ್ ಅರೆಸ್ಟರ್ ಮಾರಲು ಕೂಡ ಈಗ ಜನ ಬರುತ್ತಿದ್ದಾರೆ. ಸರಿಯಾಗಿ ನೆಲಕ್ಕಿಳಿಸಿದ ಕಂಬಿ ಕಟ್ಟಡವನ್ನೂ ಒಳಗಿನ ಜನರನ್ನೂ ಕಾಯುತ್ತದೆ, ಅದರಲ್ಲಿ ಸಂಶಯವಿಲ್ಲ. ಕಂಪ್ಯೂಟರನ್ನು ಅದು ಕಾಯುವುದಿಲ್ಲ. ಕಂಬಿಗೆ ಸಿಡಿಲು ಇಳಿದಾಗ ಪಕ್ಕದ ವೈರಿಂಗಿನಲ್ಲಿ ಉಬ್ಬರ ಏಳುವುದರಿಂದ ಕಂಬಿ ಇದ್ದವರಿಗೆ ಎಸ್‌ಪಿಡಿ ಇನ್ನಷ್ಟು ಅಗತ್ಯ. ವಿಶೇಷ ತಲೆಯುಳ್ಳ ಕಂಬಿ ಸುತ್ತ ನೂರು ಮೀಟರನ್ನು ಕಾಯುತ್ತದೆಂದು ಯಾರಾದರೂ ಲಕ್ಷ ರೂಪಾಯಿ ಕೇಳಿದರೆ ಚಹಾ ಕೊಟ್ಟು ಕಳಿಸಿಬಿಡಿ. ಐಎಸ್/ಐಇಸಿ 62305 ಮಾನಕವು ಕಂಬಿಯ ನಿಜವಾದ ಎತ್ತರ, ಅಳತೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕೆನ್ನುತ್ತದೆ, ತಲೆಯ ಪವಾಡವನ್ನಲ್ಲ.

ಇನ್ನು ನನ್ನ ತಪ್ಪೊಪ್ಪಿಗೆ. ಸಂಘದ ಕಚೇರಿಗೆ ಹೊಸ ಕಂಪ್ಯೂಟರ್ ತಂದಾಗ ಕೆಲಸಕ್ಕೆ ಬಂದ ಎಲೆಕ್ಟ್ರಿಷಿಯನ್ ಹೊಸ ಅರ್ಥಿಂಗಿನ ಅಂದಾಜು ಬರೆದು ಕೊಟ್ಟಿದ್ದರು. ಪ್ರಿಂಟರಿನ ಬೆಲೆಗಿಂತ ಕಡಿಮೆಯೇ ಇತ್ತು. ದುಂದುವೆಚ್ಚವೆಂದು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದವನು ನಾನೇ. ಬದಲಿಗೆ ಸ್ಟೆಬಿಲೈಸರ್ ಕೊಂಡೆವು. ಹೋದ ಏಪ್ರಿಲ್ ನಡುವಿನ ಒಂದು ಸಂಜೆ ಎದುರು ಗುಡ್ಡಕ್ಕೆ ಬಡಿದ ಸಿಡಿಲಿಗೆ ಕಂಪ್ಯೂಟರ್, ಪ್ರಿಂಟರ್, ಮೋಡೆಮ್ ಮೂರೂ ಹೋದವು. ಸ್ಟೆಬಿಲೈಸರಿನ ದೀಪ ಮಾತ್ರ ಉರಿಯುತ್ತಿತ್ತು. ಲೆಕ್ಕದ ಬ್ಯಾಕಪ್ ಇದೆಯೆಂದು ಧೈರ್ಯವಾಗಿದ್ದೆವು. ಆದರೆ ಬ್ಯಾಕಪ್ಪಿನ ಡಿಸ್ಕನ್ನು ಅದೇ ಕಂಪ್ಯೂಟರಿಗೆ ಸದಾ ಸಿಕ್ಕಿಸಿಯೇ ಇಟ್ಟಿದ್ದೆವು. ಅದೂ ಸುಟ್ಟಿತ್ತು. ಉಳಿದದ್ದು ಲೆಕ್ಕ ಪರಿಶೋಧಕರಿಗೆಂದು ಮಾರ್ಚ್ ನಡುವಿನಲ್ಲಿ ಪೆನ್‌ಡ್ರೈವಿನಲ್ಲಿ ಒಯ್ದಿದ್ದ ಪ್ರತಿ ಒಂದೇ. ನಡುವಿನ ಒಂದು ತಿಂಗಳು, ಕಾಫಿ ಚೆರ್ರಿಯೂ ಅಡಿಕೆಯೂ ಸಂಘಕ್ಕೆ ಹೆಚ್ಚಾಗಿ ಬಂದು ಬೀಳುವ ತಿಂಗಳು, ಪೂರ್ತಿ ಖಾಲಿ.

ಮೂರನೆಯ ದಿನ ಒಬ್ಬ ಸದಸ್ಯೆ ಬಂದರು. ಗಂಡ ತೀರಿಕೊಂಡ ಮೇಲೆ ಎರಡೆಕರೆಯನ್ನು ಒಬ್ಬರೇ ನೋಡಿಕೊಳ್ಳುತ್ತಿರುವವರು, ಮಗಳ ಕಾಲೇಜು ಶುಲ್ಕಕ್ಕೆ ಮುಂಗಡ ಕೇಳಲು ಬಂದಿದ್ದರು. ತೂಕದ ಚೀಟಿ ಮನೆಯಲ್ಲೆಲ್ಲೋ ಕಳೆದಿತ್ತು. "ಅಣ್ಣಾ, ನನ್ನ ಹನ್ನೊಂದು ಚೀಲದ ಲೆಕ್ಕ ಕಂಪ್ಯೂಟರಿನೊಟ್ಟಿಗೆ ಸುಟ್ಟುಹೋಯಿತಾ?" ಎಂದು ಕೇಳಿದರು. ಅವರು ಜಗಳಕ್ಕೆ ನಿಂತಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಬಾಗಿಲ ಹತ್ತಿರ ನಿಂತು ಮೆಲ್ಲಗೆ ಕೇಳಿದರು. ಚೀಲಗಳೇನೋ ಗೋದಾಮಿನಲ್ಲಿದ್ದವು. ಯಾರದು ಯಾವುದು, ಎಷ್ಟು ತೂಕ, ಯಾವ ದರ್ಜೆ ಎಂಬುದು ಯಾರಿಗೂ ಬಾಯಿಪಾಠವಿರಲಿಲ್ಲ.

ಉಳಿಸಿದ್ದು ನಮ್ಮ ಹಳೆಯ ಗುಮಾಸ್ತರು. ಕಂಪ್ಯೂಟರ್ ಬಂದ ಮೇಲೆ ಕಾರ್ಬನ್ ರಸೀದಿ ಪುಸ್ತಕ ಏಕೆ, ಕಾಗದ ದಂಡ ಎಂದು ನಾನು ಎರಡು ಸಲ ಹೇಳಿದ್ದೆ. "ಆಗಲಿ ಸಾರ್" ಎಂದು ತಲೆಯಾಡಿಸಿ ಅವರು ತಮ್ಮ ಪಾಡಿಗೆ ತೂಕದ ಮನೆಯಲ್ಲಿ ಕಾರ್ಬನ್ ಇಟ್ಟು ಬರೆಯುತ್ತಲೇ ಇದ್ದರು. ಆ ಪುಸ್ತಕಗಳಿಂದ ಇಡೀ ತಿಂಗಳ ಲೆಕ್ಕವನ್ನು ಮತ್ತೆ ಎತ್ತಲು ಇಬ್ಬರಿಗೆ ಒಂಬತ್ತು ದಿನ ಹಿಡಿಯಿತು. ಹನ್ನೊಂದು ಚೀಲವೂ ಸಿಕ್ಕಿತು. ಸಿಗದೇ ಹೋಗಿದ್ದರೆ ಆ ತಾಯಿಗೆ ನಾನು ಏನು ಹೇಳುತ್ತಿದ್ದೆನೋ ಈಗಲೂ ಹೊಳೆಯುವುದಿಲ್ಲ. ಈಗ ಎರಡು ಡಿಸ್ಕುಗಳಿವೆ. ಒಂದರಲ್ಲಿ ಬರೆದು ಕಿತ್ತು ಕಬ್ಬಿಣದ ಬೀರುವಿಗೆ, ಇನ್ನೊಂದು ವಾರಕ್ಕೊಮ್ಮೆ ಗುಮಾಸ್ತರ ಮನೆಗೆ. ತಾವೂ ಮನೆಯಲ್ಲಿ ತೋಟದ ಲೆಕ್ಕವನ್ನೋ ಮಕ್ಕಳ ಓದಿನ ಕೆಲಸವನ್ನೋ ಹೀಗೆ ಇಡಿ. ಸಿಕ್ಕಿಸಿಯೇ ಇಟ್ಟ ಬ್ಯಾಕಪ್ಪು ಬ್ಯಾಕಪ್ಪಲ್ಲ.

ವಿಮೆ ಇದೆಯಲ್ಲ ಎನ್ನುವವರಿದ್ದಾರೆ. ಬೆಂಕಿ ವಿಮೆಯ ಪಾಲಿಸಿಯಲ್ಲಿ ಸಿಡಿಲು ಎಂಬ ಮಾತು ಇದ್ದೇ ಇರುತ್ತದೆ. ಆದರೆ ಹೊರತುಪಡಿಸಿದ ಸಂಗತಿಗಳ ಸಣ್ಣಕ್ಷರದ ಪಟ್ಟಿ ಓದಿ. ವಿದ್ಯುತ್ ಉಪಕರಣಕ್ಕೆ ಅತಿ ವೋಲ್ಟೇಜು, ಶಾರ್ಟ್ ಸರ್ಕ್ಯೂಟ್, ಸೋರಿಕೆ ಮುಂತಾದವುಗಳಿಂದ ಆಗುವ ಹಾನಿ, ಕಾರಣ ಸಿಡಿಲೇ ಆದರೂ, ಇದರಲ್ಲಿ ಸೇರದು ಎಂಬ ಅರ್ಥದ ವಾಕ್ಯವೊಂದು ಅನೇಕ ಪಾಲಿಸಿಗಳಲ್ಲಿ ಕೂತಿರುತ್ತದೆ. ಸಿಡಿಲು ಬಡಿದು ಮಾಡು ಕುಸಿದರೆ ಪರಿಹಾರವುಂಟು, ತಂತಿಯಲ್ಲಿ ಬಂದು ಕಂಪ್ಯೂಟರ್ ಸುಟ್ಟರೆ ತಕರಾರು. ಅದಕ್ಕೆ ಎಲೆಕ್ಟ್ರಾನಿಕ್ ಉಪಕರಣಗಳ ಪ್ರತ್ಯೇಕ ಪಾಲಿಸಿ ಇದೆ. ಸಂಘಕ್ಕೆ ಮಾಡಿಸಿದ್ದೇವೆ, ಮನೆಯ ಒಂದು ಲ್ಯಾಪ್‌ಟಾಪಿಗೆ ಅದು ದುಬಾರಿ.

ಇಷ್ಟೆಲ್ಲ ಮಾಡಿದ ಮೇಲೂ, ಖರ್ಚಿಲ್ಲದ ಅತ್ಯುತ್ತಮ ಉಪಾಯ ಪ್ಲಗ್ ಕೀಳುವುದೇ. ಸ್ವಿಚ್ ಆರಿಸಿದರೆ ಸಾಲದು. ಮೋಡದಿಂದ ನೆಲಕ್ಕೆ ಮೈಲಿಗಟ್ಟಲೆ ಜಿಗಿದು ಬಂದದ್ದಕ್ಕೆ ಸ್ವಿಚ್ಚಿನೊಳಗಿನ ಕಾಳಿನಷ್ಟು ಸಂದು ಯಾವ ಲೆಕ್ಕ? ಕರೆಂಟಿನದು, ದೂರವಾಣಿಯದು, ಡಿಶ್ಶಿನದು, ಕ್ಯಾಮೆರಾದ್ದು ಎಲ್ಲವನ್ನೂ ಕೀಳಬೇಕು, ಅದೂ ಮೋಡ ದೂರವಿರುವಾಗಲೇ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತಕ್ಕಿಂತ ಕಡಿಮೆ ಬಂದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಬಂತು, ಅಂಗಳದಲ್ಲಿ ಅಡಿಕೆ ರಾಶಿ ಮಾಡುವವರನ್ನೂ ಒಳಗೆ ಕರೆಯಿರಿ. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಳೆಯದೆ ಹೊರಗೆ ಬಿಡಬೇಡಿ. ತಲೆಯ ಮೇಲೇ ಅಬ್ಬರ ಶುರುವಾದ ಬಳಿಕ ನೆನಪಾದರೆ ಪ್ಲಗ್ಗಿನ ಹತ್ತಿರ ಹೋಗಬೇಡಿ. ಮೋಡೆಮ್ ಹೋದರೆ ಇನ್ನೊಂದು ತರಬಹುದು. ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯವರು ಮಾಡಿರುವ ದಾಮಿನಿ ಎಂಬ ಆ್ಯಪ್ ಸುತ್ತಮುತ್ತ ಸಿಡಿಲು ಬೀಳುತ್ತಿರುವುದನ್ನು ಮೊಬೈಲಿನಲ್ಲಿ ತೋರಿಸುತ್ತದೆ, ಅದು ಉಚಿತ. ನನ್ನ ಮನೆಯಲ್ಲಿ ಅದನ್ನು ನೋಡುವ ಕೆಲಸ ಮಗಳದು, ಪ್ಲಗ್ ಕೀಳುವ ಕೆಲಸ ನನ್ನದು.

ಸಂಘದ ಕೆಲಸ ಗೊಬ್ಬರ, ಸುಣ್ಣ, ಮೈಲುತುತ್ತ ಒದಗಿಸುವುದು, ತಂತಿ ಪೈಪು ಮಾರುವುದಲ್ಲ ಎಂದು ಆಡಳಿತ ಮಂಡಳಿಯಲ್ಲಿ ಹಿರಿಯರೊಬ್ಬರು ಹೇಳಿದರು. ಅವರ ಮಾತನ್ನು ಗೌರವಿಸಿಯೇ ಭಿನ್ನಾಭಿಪ್ರಾಯ ಹೇಳುತ್ತೇನೆ. ಒಬ್ಬೊಬ್ಬರೇ ಹೋದರೆ ಪೇಟೆಯಲ್ಲಿ ಕೊಟ್ಟದ್ದೇ ಸಾಮಾನು, ಹೇಳಿದ್ದೇ ಬೆಲೆ. ಇನ್ನೂರು ಮನೆಗೆ ಒಟ್ಟಿಗೆ ತರಿಸಿದರೆ ಗುಣವನ್ನೂ ಕೇಳಬಹುದು, ದರವನ್ನೂ ಕೇಳಬಹುದು. ಸ್ಪ್ರೇಯರ್ ಕೊಂಡದ್ದೂ ಹೀಗೆಯೇ ತಾನೆ? ಅರ್ಥ್ ಅಳೆಯುವ ಯಂತ್ರ ಒಬ್ಬರಿಗೆ ದುಬಾರಿ, ಸಂಘಕ್ಕಲ್ಲ. ಒಂದನ್ನು ಕೊಂಡು, ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಫೆಬ್ರವರಿ, ಮಾರ್ಚ್ ಎರಡು ತಿಂಗಳಿಗೆ ಗೊತ್ತುಮಾಡಿ, ಮನೆ ಮನೆಗೆ ಹೋಗಿ ಅಳೆದು ಚೀಟಿ ಬರೆದುಕೊಡುವಂತೆ ಮಾಡಬೇಕೆಂಬುದು ನನ್ನ ಸಲಹೆ. ಮುಂದಿನ ಸರ್ವಸದಸ್ಯರ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಿದ್ದೇನೆ. ಬೇಡವೆನ್ನುವವರೂ ಬಂದು ಹೇಳಬೇಕೆಂದು ಕೋರುತ್ತೇನೆ, ನಾನೇ ಒಮ್ಮೆ ಬೇಡವೆಂದವನು.

ಅಲ್ಲಿಯವರೆಗೆ, ಅಳೆಸಬೇಕೆಂದಿರುವ ಸದಸ್ಯರು ತಮ್ಮ ಹೆಸರು ಮತ್ತು ಮನೆಗೆ ಬರುವುದು ಸಿಂಗಲ್ ಫೇಸೋ ತ್ರೀ ಫೇಸೋ ಎಂಬುದನ್ನು ಕಚೇರಿಯಲ್ಲಿ ಗುಮಾಸ್ತರ ಹತ್ತಿರ ಬರೆಸಿ ಹೋಗಬಹುದು. ಅವರು ಅದನ್ನು ಕಾರ್ಬನ್ ಇಟ್ಟೇ ಬರೆದುಕೊಳ್ಳುತ್ತಾರೆ.

— ಕಾರ್ಯದರ್ಶಿ